ದೊಡ್ಡಮ್ಮನ ಪರವಾನಗಿ

ಮಾರ್ಚ್ ಹನ್ನೆರಡನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಶಿಶುಪಾಲನಾ ಪರವಾನಗಿ ಕಚೇರಿಯ ಅಧಿಕಾರಿ ಠಾಣೆಯ ಮೆಟ್ಟಿಲು ಹತ್ತಿದರು. ಆ ಸಮಯವನ್ನು ಬರೆದುಕೊಂಡವರು ಮುಖ್ಯ ಪೇದೆ. ಠಾಣೆಯಲ್ಲಿ ಯಾರಾದರೂ ಸೀನಿದರೂ ಗಂಟೆ ನೋಡಿ ಬರೆದಿಡುವವರು ಅವರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಗಡಿಯಾರದಣ್ಣ.

ಅಧಿಕಾರಿಗೆ ಮೂವತ್ತರ ಆಸುಪಾಸು, ಕಡ್ಡಿಯಂಥ ಮೈ. ಜೇಬಿನಲ್ಲಿ ಪೆನ್ನಿನ ಪಕ್ಕ ಅಳತೆಯ ಟೇಪು ಇಣುಕುತ್ತಿತ್ತು. ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯ ತುದಿಯಲ್ಲಿ ಕುಳಿತು ಒಂದು ಫೋಟೊ ಮುಂದಿಟ್ಟರು. ಕಟ್ಟು ಹಾಕಿಸಿದ ಪರವಾನಗಿ ಪತ್ರದ ಫೋಟೊ ಅದು.

"ಇದು ನಮ್ಮ ಕಚೇರಿ ಕೊಟ್ಟಿದ್ದಲ್ಲ ಮೇಡಂ. ಆದರೆ ನಾಲ್ಕು ವರ್ಷದಿಂದ ಒಂದು ಕೇಂದ್ರದ ಗೋಡೆ ಮೇಲೆ ತೂಗ್ತಾ ಇದೆ."

"ನಾಲ್ಕು ವರ್ಷ ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

"ನಮ್ಮ ಪುಸ್ತಕದಲ್ಲಿ ಇರೋ ಕೇಂದ್ರಗಳಿಗೆ ಮಾತ್ರ ನಾವು ತಪಾಸಣೆಗೆ ಹೋಗೋದು. ಇವರ ಹೆಸರು ಪುಸ್ತಕದಲ್ಲೇ ಇಲ್ಲ."

"ಮತ್ತೆ ಈಗ ಹೇಗೆ ಗೊತ್ತಾಯ್ತು? ಯಾರಾದ್ರೂ ದೂರು ಕೊಟ್ರಾ?"

ಅಧಿಕಾರಿ ಕತ್ತು ಕೆರೆದುಕೊಂಡರು. "ದೂರು ಅಂತಲ್ಲ. ಜಗಳಕ್ಕೆ ಬಂದ್ರು."

ಆದದ್ದು ಇಷ್ಟು. ಪರವಾನಗಿ ಇರುವ ಕೇಂದ್ರಗಳ ಪಟ್ಟಿಯನ್ನು ಕಚೇರಿಯವರು ಕಳೆದ ವಾರ ಮೊದಲ ಬಾರಿಗೆ ಹೊರಗೆ ಅಂಟಿಸಿದ್ದರು. ಅದನ್ನು ನೋಡಿದ ಆಸ್ಪತ್ರೆಯ ನರ್ಸ್ ಒಬ್ಬಾಕೆ ಒಳಗೆ ನುಗ್ಗಿ, 'ಊರಿಗೆಲ್ಲ ಒಳ್ಳೆಯ ಕೇಂದ್ರ ನಮ್ಮ ದೊಡ್ಡಮ್ಮನದು, ಅದನ್ನೇ ಬಿಟ್ಟುಬಿಟ್ಟಿದ್ದೀರಲ್ಲ, ಕಣ್ಣು ಎಲ್ಲಿಟ್ಟುಕೊಂಡಿದ್ದಿರಿ' ಎಂದು ತರಾಟೆಗೆ ತೆಗೆದುಕೊಂಡರಂತೆ. ಸಾಕ್ಷಿಗೆಂದು ಪರವಾನಗಿಯ ಫೋಟೊವನ್ನೂ ತಂದಿದ್ದರು. ಅಧಿಕಾರಿ ಸಂಖ್ಯೆ ಹುಡುಕಿದರು. ಆ ಸಂಖ್ಯೆ ಪರವಾನಗಿಯದಾಗಿರಲಿಲ್ಲ, ನಾಲ್ಕು ವರ್ಷದ ಹಿಂದೆ ತಿರಸ್ಕಾರವಾದ ಒಂದು ಅರ್ಜಿಯದಾಗಿತ್ತು.

"ಯಾಕೆ ತಿರಸ್ಕರಿಸಿದ್ರಿ?"

"ಆಗ ನಾನಿರಲಿಲ್ಲ. ಕಡತದಲ್ಲಿ ಒಂದೇ ಕಾರಣ ಇದೆ. ಆರು ಮಕ್ಕಳ ತನಕ 'ಮನೆಪಾಲನೆ', ಅದಕ್ಕೆ ಪರವಾನಗಿ ಬೇಡ. ಏಳನೇ ಮಗು ಬಂತು ಅಂದ್ರೆ ನಿಯಮದ ಪ್ರಕಾರ ಅದು 'ಕೇಂದ್ರ'. ಕೇಂದ್ರಕ್ಕೆ ಹೊರಗೆ ಹೋಗೋಕೆ ಎರಡು ಬಾಗಿಲು ಬೇಕು. ಇವರಿಗೆ ಒಂದೇ ಇತ್ತು."

"ಒಂದು ಬಾಗಿಲಿಗೋಸ್ಕರವಾ?" ಎಂದು ಗಡಿಯಾರದಣ್ಣ ಮಧ್ಯೆ ಬಾಯಿ ಹಾಕಿದರು.

ಅಧಿಕಾರಿಯ ದನಿ ತಗ್ಗಿತು. "ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಗೆ ಬೆಂಕಿ ಬಿದ್ದಾಗ ನಾನು ಅಲ್ಲಿದ್ದೆ ಅಣ್ಣ. ಹನ್ನೊಂದು ಮಕ್ಕಳು, ಬಾಗಿಲು ಒಂದೇ, ಬೆಂಕಿ ಅದರ ಪಕ್ಕದಲ್ಲೇ. ಕಿಟಕಿ ಒಡೆದು ತೆಗೆದ್ವಿ. ಎಲ್ಲರೂ ಬದುಕಿದ್ರು. ಆದರೆ ಹನ್ನೊಂದನೇ ಮಗು ಸಿಗೋಕೆ ಏಳು ನಿಮಿಷ ಹಿಡೀತು. ಆ ಏಳು ನಿಮಿಷ ಆದ್ಮೇಲೆ ನಾನು ಟೇಪಿಲ್ಲದೆ ಮನೆಯಿಂದ ಹೊರಡಲ್ಲ."

ಗಡಿಯಾರದಣ್ಣ ದಾಖಲೆ ಪುಸ್ತಕ ಎಳೆದುಕೊಂಡರು. ಖೋಟಾ ದಾಖಲೆ ಸೃಷ್ಟಿ, ಸರ್ಕಾರಿ ಮೊಹರಿನ ನಕಲು ಎಂದು ನಮೂದಿಸಿ 11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಜೀಪಿನಲ್ಲಿ ಕುಳಿತ ಮೇಲೂ ಇನ್‌ಸ್ಪೆಕ್ಟರ್ ಆ ಬಾಗಿಲಿನ ಬಗ್ಗೆಯೇ ಯೋಚಿಸುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ, ತರಬೇತಿಯ ದಿನಗಳಲ್ಲಿ, ಅವರು ತಮ್ಮ ಮಗಳನ್ನು ಬೆಳಿಗ್ಗೆ ಆರಕ್ಕೆ ಪಕ್ಕದ ಬೀದಿಯ ಒಬ್ಬ ಹೆಂಗಸಿನ ಮಡಿಲಿಗೆ ಹಾಕಿ ಓಡುತ್ತಿದ್ದರು. ಆ ಮನೆಗೆ ಎಷ್ಟು ಬಾಗಿಲಿದ್ದವು ಎಂದು ಇಂದಿಗೂ ಅವರಿಗೆ ಗೊತ್ತಿಲ್ಲ. ಒಂದು ದಿನವಾದರೂ ಕೇಳಿದ್ದರೆ ತಾನೆ!

ಪಂಚನಾಮೆಗೆ ಸಾಕ್ಷಿಯಾಗಿ ಇಬ್ಬರು ಪಂಚರು ಬೇಕಿತ್ತು. ಗಡಿಯಾರದಣ್ಣ ಔಷಧಿ ಅಂಗಡಿಯವನನ್ನೂ, ಹಿಂದಿನ ಬೀದಿಯ ಟೈಲರನ್ನೂ ಕರೆತಂದರು. ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಿದ್ದ. ಅಧಿಕಾರಿಯೂ ಅವನೂ ಒಬ್ಬರ ಟೇಪನ್ನೊಬ್ಬರು ನೋಡಿ ತಲೆಯಾಡಿಸಿದರು. ದೊಡ್ಡಮ್ಮನ ಮನೆಯ ಮುಂದೆ ಬಂದಾಗ ಟೈಲರ್ ಮೆಟ್ಟಿಲಿನ ಕೆಳಗೇ ನಿಂತುಬಿಟ್ಟ.

"ಒಳಗೆ ಬರಲ್ಲ. ದೊಡ್ಡಮ್ಮನ ಯಜಮಾನರಿಗೂ ನನಗೂ ಮಾತಿಲ್ಲ. ಇಲ್ಲಿಂದಲೇ ನೋಡ್ತೀನಿ, ನನ್ನ ಕಣ್ಣು ಚೆನ್ನಾಗಿದೆ."

ಬಾಗಿಲಲ್ಲಿ ಕಾಲೆತ್ತರದ ಗೇಟು, ಅದರ ಒಳಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಅರವತ್ತೈದು ದಾಟಿದ ಯಜಮಾನರು. ಮಡಿಲಲ್ಲಿ ದಪ್ಪ ಪುಸ್ತಕ, ಕಿವಿಯ ಮೇಲೆ ಕೆಂಪು ಪೆನ್ನು.

"ಕರಡಿ ತಾತಾ, ಪೊಲೀಸು!" ಎಂದು ಒಳಗಿನಿಂದ ಒಂದು ಮಗು ಕೂಗಿತು.

ಅವರು ಮೂವತ್ತೊಂದು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ನೆರೆಹೊರೆಯವರು ಕರಡಿನ ತಾತ ಎನ್ನುತ್ತಿದ್ದರು. ಮಕ್ಕಳ ನಾಲಿಗೆಯಲ್ಲಿ ಅದು ಕರಡಿಯಾಗಿತ್ತು. ಅದೊಂದು ತಪ್ಪನ್ನು ಮಾತ್ರ ಅವರು ತಿದ್ದಲು ಹೋಗಿರಲಿಲ್ಲ. ಮಕ್ಕಳು ಕೇಳಿದಾಗಲೆಲ್ಲ ಗುರ್ ಎನ್ನುವುದನ್ನೂ ಕಲಿತಿದ್ದರು.

"ಹೆಸರು, ಬಂದ ವೇಳೆ, ಬಂದ ಕಾರಣ," ಎಂದು ಪುಸ್ತಕ ಮುಂದೆ ಮಾಡಿದರು. "ಕೈ ತೊಳೆದು ಒಳಗೆ ಬನ್ನಿ. ಸಮವಸ್ತ್ರ ಹಾಕಿದವರಿಗೂ ಅದೇ ನಿಯಮ."

ಗಡಿಯಾರದಣ್ಣನಿಗೆ ಆ ಪುಸ್ತಕ ನೋಡಿ ಜೀವ ತಂಪಾಯಿತು. "12.17," ಎಂದು ತಾವೇ ಬರೆದರು.

ಒಳಗೆ ಹದಿನಾಲ್ಕು ಮಕ್ಕಳ ಊಟ ನಡೆದಿತ್ತು. ಇಬ್ಬರು ಸಹಾಯಕಿಯರ ನಡುವೆ ನೆಲದ ಮೇಲೆ ಕಾಲು ಚಾಚಿ ಕುಳಿತ ದೊಡ್ಡಮ್ಮ, ಒಂದು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದರ ಬಾಯಿಗೆ ಚಮಚ ಹಿಡಿದು, ಮೂರನೆಯದರ ಜೊತೆ ವಾದ ಮಾಡುತ್ತಿದ್ದರು. ಐವತ್ತೆಂಟರ ದುಂಡು ಹೆಂಗಸು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ಪರವಾನಗಿ ನೋಡಬೇಕಾ? ನೋಡಿ ತಾಯಿ, ಚೆನ್ನಾಗಿ ನೋಡಿ." ಎದ್ದು ಬಂದು ಕಟ್ಟಿನ ಗಾಜನ್ನು ಕೈಯೊರೆಸುವ ಬಟ್ಟೆಯಿಂದ ಉಜ್ಜಿದರು. "ಅದು ಬಂದ ದಿನ ನಾನು ಈ ಮಂಚದ ಮೇಲೆ ಕೂತು ಗೊಳೋ ಅಂತ ಅತ್ತಿದ್ದೆ, ಕೇಳಿ ಬೇಕಾದ್ರೆ ಅವರನ್ನ."

ಬಾಗಿಲಲ್ಲಿದ್ದ ಯಜಮಾನರು ತಲೆಯೆತ್ತಲಿಲ್ಲ.

ಅಧಿಕಾರಿ ಅರ್ಧ ಗಂಟೆ ಅಳೆದರು. ಮಲಗುವ ಹಾಸಿಗೆಗಳ ನಡುವಿನ ಅಂತರ ಸರಿ, ಔಷಧಿಯ ಪೆಟ್ಟಿಗೆಗೆ ಬೀಗ ಸರಿ. ಹಾಲಿನ ಪ್ರತಿ ಬಾಟಲಿಯ ಮೇಲೂ ಮಗುವಿನ ಹೆಸರು. 'ಮೇಲ್ವಿಚಾರಣೆ' ಎಂಬ ಪದಕ್ಕೆ ನಿಯಮದಲ್ಲಿ ಒಂದು ಅರ್ಥ ಕೊಟ್ಟಿದ್ದಾರೆ: ಮಗು ಪಾಲಕಿಗೆ ಎಲ್ಲ ಹೊತ್ತೂ ಕಣ್ಣಿಗೆ ಕಾಣುತ್ತಿರಬೇಕು, ಕಿವಿಗೆ ಕೇಳುತ್ತಿರಬೇಕು. ಇಲ್ಲಿ ಮೂಲೆಗಳಲ್ಲೆಲ್ಲ ಕನ್ನಡಿ ಹಾಕಿ, ಅಡುಗೆಮನೆಯ ಗೋಡೆಯಲ್ಲಿ ಕಿಂಡಿ ಕೊರೆಸಿ, ಆ ಮಾತನ್ನು ಅಕ್ಷರಶಃ ನಡೆಸಿದ್ದರು. ಹಿಂದಿನ ಕೋಣೆಗೆ ಬಂದಾಗ ಮಾತ್ರ ಗೋಡೆ ಎದುರಾಯಿತು. ಅದರಾಚೆ ಟೈಲರನ ಅಂಗಳ.

"ಪರವಾನಗಿ ಇರೋ ಕಡೆಯೂ ಇಷ್ಟು ಅಚ್ಚುಕಟ್ಟು ನೋಡಿಲ್ಲ," ಎಂದು ಅಧಿಕಾರಿ ಇನ್‌ಸ್ಪೆಕ್ಟರ್ ಕಿವಿಯಲ್ಲಿ ಹೇಳಿದರು. ಸಂಕಟಪಟ್ಟುಕೊಂಡೇ ಹೇಳಿದರು.

ಇನ್‌ಸ್ಪೆಕ್ಟರ್ ಅಷ್ಟರಲ್ಲಿ ಮಕ್ಕಳ ದಿನಚರಿ ಪುಸ್ತಕಗಳನ್ನು ತಿರುವುತ್ತಿದ್ದರು. ತಾಯಂದಿರು ಬರೆದ ಚೀಟಿಗಳಲ್ಲೂ ಕೆಂಪು ಗೆರೆ! 'ಮಗುವಿಗೆ ಕೆಮ್ಮು ಜಾಸ್ಥಿ' ಎಂದಿದ್ದಲ್ಲಿ ಒತ್ತಕ್ಷರಕ್ಕೆ ಸುತ್ತು ಹಾಕಿ, ಗೆರೆ ಎಳೆದು, ಅಂಚಿನಲ್ಲಿ ಸರಿ ಬರೆದಿತ್ತು. ಅದರ ಕೆಳಗೆ ಅದೇ ಕೈಯಲ್ಲಿ, 'ಬಿಸಿನೀರು ಕುಡಿಸಿದ್ದೇವೆ. ಈಗ ಕಡಿಮೆ.'

ಪರವಾನಗಿ ಪತ್ರವನ್ನು ಜಪ್ತಿ ಮಾಡಬೇಕಾಯಿತು. ಕಟ್ಟನ್ನು ಮೊಳೆಯಿಂದ ತೆಗೆದಾಗ ದೊಡ್ಡಮ್ಮನ ಮುಖದ ನಗು ಮೊದಲ ಬಾರಿಗೆ ಮಾಸಿತು.

"ಏನಾದ್ರೂ ತಪ್ಪಾಗಿದೆಯಾ ತಾಯಿ?"

"ಪರಿಶೀಲನೆ ಅಮ್ಮ. ಇದು ನಿಮ್ಮ ಕೈಗೆ ಹೇಗೆ ಬಂತು?"

"ಅಂಚೆಯಲ್ಲಿ. ಅಂಚೆಯವರಿಂದ ಇಸ್ಕೊಂಡವರು ಇವರು. ನಾನು ಮಗುವಿಗೆ ಸ್ನಾನ ಮಾಡಿಸ್ತಾ ಇದ್ದೆ."

ಔಷಧಿ ಅಂಗಡಿಯವನು ಒಳಗೂ, ಟೈಲರ್ ಮೆಟ್ಟಿಲ ಮೇಲೂ ರುಜು ಹಾಕಿ ಪಂಚನಾಮೆ 1.25ಕ್ಕೆ ಮುಗಿಯಿತು.

ಮರುದಿನ ಬೆಳಿಗ್ಗೆ ಪರವಾನಗಿ ಕಚೇರಿಯ ಮೇಜಿನ ಮೇಲೆ ಅಸಲಿ ಪತ್ರವನ್ನೂ ನಕಲಿಯನ್ನೂ ಅಕ್ಕಪಕ್ಕ ಇಟ್ಟರು. ಕಾಗದ ಒಂದೇ, ಅಚ್ಚು ಒಂದೇ. ನಮೂನೆ ಅಸಲಿಯದೇ ಎಂದ ಮೇಲೆ ಕಚೇರಿಯ ಒಳಗಿನವರ ಕೈವಾಡವಿರಬಹುದೇ ಎಂದು ಇನ್‌ಸ್ಪೆಕ್ಟರಿಗೆ ಅನುಮಾನ ಬಂತು. ಗುಮಾಸ್ತರಿಬ್ಬರನ್ನು ಕೂರಿಸಿ ಒಂದು ಗಂಟೆ ಕೇಳಿದರು. ಏನೂ ಹೊರಡಲಿಲ್ಲ. ಕೊನೆಗೆ ಭೂತಕನ್ನಡಿ ತರಿಸಿ ಮೊಹರಿನ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದರು.

"ನಿಮ್ಮ ಮೊಹರಲ್ಲಿ ಏನಂತ ಇದೆ, ಓದಿ."

"ಶಿಶುಪಾಲನಾ ನೋಂದಣಿ ಮತ್ತು ಪರವಾನಗಿ ಕಚೇರಿ," ಎಂದರು ಅಧಿಕಾರಿ.

"ಬಾಯಲ್ಲಿ ಸರಿ ಇದೆ. ಮೊಹರನ್ನ ನೋಡಿ ಓದಿ."

ಅಧಿಕಾರಿ ಬಗ್ಗಿ ನೋಡಿ ಕೆಂಪಾದರು. ಅಸಲಿ ಮೊಹರಿನಲ್ಲಿ ಇದ್ದದ್ದು 'ನೊಂದಣಿ'. ನಕಲಿಯಲ್ಲಿ ಮಾತ್ರ ದೀರ್ಘ ಸರಿಯಾಗಿ ಬಂದು 'ನೋಂದಣಿ' ಆಗಿತ್ತು.

"ಎಂಟು ವರ್ಷದಿಂದ ಇದೇ ಮೊಹರು ಹೊಡೀತಾ ಇದ್ದೀವಿ..."

"ಬಿಡಿ ಸಾರ್," ಎಂದರು ಗಡಿಯಾರದಣ್ಣ. "ಕಚೇರಿಗೆ ಅಲೆಯೋರೆಲ್ಲ ನೊಂದವರೇ ತಾನೆ. ನಿಮ್ಮದೇ ಸರಿ."

ಇನ್‌ಸ್ಪೆಕ್ಟರ್ ನಗಲಿಲ್ಲ. ಕಳ್ಳ ಸಾಮಾನ್ಯವಾಗಿ ತಪ್ಪು ಮಾಡಿ ಸಿಕ್ಕಿಬೀಳುತ್ತಾನೆ. ಇವನು ತಪ್ಪು ಬಿಡಲಾರದೆ ಸಿಕ್ಕಿಬೀಳುವಂತಿದ್ದ. ಅವರ ಕಣ್ಣ ಮುಂದೆ ಕೆಮ್ಮಿನ ಚೀಟಿ ಬಂತು. ಆದರೆ ಊಹೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮುದ್ರಣಾಲಯಕ್ಕೆ ಫೋನು ಮಾಡಿದರು. ಹೌದು, ಪರವಾನಗಿಯ ನಮೂನೆ ಅಚ್ಚಾಗಿದ್ದು ಅಲ್ಲೇ. ಅದರ ಕರಡು ತಿದ್ದಿದವರೂ ಆ ಯಜಮಾನರೇ. ನಿವೃತ್ತಿಯ ದಿನ ಮೇಜಿನ ಖಾನೆಯಲ್ಲಿದ್ದ ಮಾದರಿ ಹಾಳೆಗಳನ್ನೆಲ್ಲ ಖಾಲಿ ಮಾಡಿಕೊಂಡು ಹೋಗಿದ್ದರು.

ನಗರದಲ್ಲಿ ರಬ್ಬರ್ ಮೊಹರು ಮಾಡುವ ಅಂಗಡಿಗಳು ಐದು. ಮೂರನೆಯದರಲ್ಲಿ ಕೆಲಸವಾಯಿತು. ಆ ಅಂಗಡಿಯ ಒಡತಿ ಮಾಡಿಕೊಟ್ಟ ಪ್ರತಿ ಮೊಹರಿನ ಕರಡನ್ನೂ ವರ್ಷವಾರು ತಂತಿಗೆ ಪೋಣಿಸಿ ಇಟ್ಟಿದ್ದರು. ಗಡಿಯಾರದಣ್ಣ ತಂತಿಯಿಂದ ಒಂದೊಂದೇ ಚೀಟಿ ಜಾರಿಸುತ್ತಾ ಹೋಗಿ, ಮಧ್ಯಾಹ್ನ 3.50ಕ್ಕೆ "ಮೇಡಂ" ಎಂದರು.

ಚೀಟಿಯ ಮೇಲೆ 'ನೊಂದಣಿ'. 'ನೊ'ಗೆ ಕೆಂಪು ಸುತ್ತು, ಅಂಚಿಗೆ ಗೆರೆ, ಗೆರೆಯ ತುದಿಯಲ್ಲಿ 'ನೋ'.

"ಇದನ್ನ ಮಾಡಿಸಿದವರು ನೆನಪಿದ್ದಾರಾ?"

"ಮರೆಯೋ ಹಾಗಿದ್ರಾ? ತಂದ ಮಾದರಿಯಲ್ಲಿ ಇದ್ದ ಹಾಗೇ ಮಾಡಿದ್ದೆ. ತಪ್ಪು ಅಂತ ತಿದ್ದಿ, ನನ್ನ ಅಂಗಡಿ ಬೋರ್ಡಿನಲ್ಲೂ ಒಂದು ತಪ್ಪಿದೆ ಅಂತ ಹೇಳಿ ಹೋದ್ರು."

"ಸರ್ಕಾರಿ ಮೊಹರು ಮಾಡೋಕೆ ಆದೇಶಪತ್ರ ನೋಡಬೇಕಿತ್ತಲ್ವಾ?"

"ನೋಡಬೇಕಿತ್ತು," ಎಂದು ಒಡತಿ ಪೆಚ್ಚಾದರು. "ಇಷ್ಟು ತಪ್ಪು ಹುಡುಕೋರು ಸರ್ಕಾರದವರೇ ಇರಬೇಕು ಅಂದ್ಕೊಂಡುಬಿಟ್ಟೆ."

ಮಾರ್ಚ್ ಹದಿನಾಲ್ಕು, ಗುರುವಾರ, ಮಧ್ಯಾಹ್ನ 1.10. ಮಕ್ಕಳು ಮಲಗಿದ್ದ ಹೊತ್ತನ್ನೇ ನೋಡಿ, ಗಡಿಯಾರದಣ್ಣನನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಹೋದರು. ಯಜಮಾನರು ಬಾಗಿಲಲ್ಲೇ ಇದ್ದರು. ಕೈ ತೊಳೆದು ಬಂದು ಮಕ್ಕಳ ಪುಟ್ಟ ಸ್ಟೂಲೊಂದನ್ನು ಎಳೆದುಕೊಂಡು ಇನ್‌ಸ್ಪೆಕ್ಟರ್ ಯಜಮಾನರ ಎದುರು ಕುಳಿತರು. ಚೀಟಿಯನ್ನು ತೋರಿಸಿದರು.

ಯಜಮಾನರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ನನ್ನ ಕೈಯದೇ," ಎಂದರು. "ಮಕ್ಕಳು ಮಲಗಿದ್ದಾರೆ, ಮೆಲ್ಲಗೆ ಮಾತಾಡೋಣ."

"ಯಾಕೆ ಮಾಡಿದ್ರಿ?"

"ಅವಳು ಇಪ್ಪತ್ತಾರು ವರ್ಷ ಬೇರೆಯವರ ಕೇಂದ್ರದಲ್ಲಿ ಆಯಾ ಆಗಿದ್ಳು. ಅದು ಮುಚ್ಚಿಹೋದ ಮೇಲೆ ಎರಡು ತಿಂಗಳು ಮನೇಲಿ ಗೋಡೆ ನೋಡ್ಕೊಂಡು ಕೂತಿದ್ಳು. ಆಮೇಲೆ ಆರು ಮಕ್ಕಳನ್ನ ಇಟ್ಕೊಂಡ್ಳು, ಮತ್ತೆ ಮನುಷ್ಯಳಾದ್ಳು. ಏಳನೆಯದು ಆಸ್ಪತ್ರೆಯ ನರ್ಸ್ ಒಬ್ಬರ ಮಗು. ಆಕೆ ಬಾಗಿಲಲ್ಲಿ ನಿಂತು ಅಳ್ತಿದ್ರೆ ಇವಳು ಇಲ್ಲ ಅನ್ನೋಕೆ ಆಗದೆ ಅರ್ಜಿ ಹಾಕಿದ್ಳು. ಅರ್ಜಿ ಹಾಕಿದ ದಿನದಿಂದ ಅಂಚೆಯವರ ಸೈಕಲ್ ಗಂಟೆ ಕೇಳಿದ್ರೆ ಸಾಕು, ಓಡಿ ಬರೋಳು. ಪತ್ರ ಬಂದ ದಿನ ಮಾತ್ರ ಓಡಿ ಬರಲಿಲ್ಲ. ನಾನು ಒಡೆದೆ."

ಅವರು ಕನ್ನಡಕ ತೆಗೆದು ಒರೆಸಿದರು. "ಅದರಲ್ಲಿ 'ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ' ಅಂತ ಇತ್ತು. ಅದನ್ನೇ ನೋಡ್ತಾ ನಿಂತೆ ಮೇಡಂ. 'ತಿ' ಹೋಗಿ 'ಪು' ಬಂದ್ರೆ ಪುರಸ್ಕರಿಸಲಾಗಿದೆ. ಒಂದೇ ಒಂದು ಅಕ್ಷರ. ದಿನಕ್ಕೆ ಅಂಥ ನೂರು ಅಕ್ಷರ ತಿದ್ದಿದೋನು ನಾನು. ಒಳಗಿಂದ ಅವಳು 'ಏನು ಬಂತು' ಅಂತ ಕೂಗಿದ್ಳು. 'ಪುರಸ್ಕರಿಸಿದ್ದಾರಂತೆ' ಅಂದುಬಿಟ್ಟೆ. ಬಾಯಿಂದ ಬಂದ ಮೇಲೆ ಕಾಗದ ಮಾಡಲೇಬೇಕಾಯ್ತು. 'ಪರವಾನಗಿ ಪತ್ರ ಬೇರೆ ಬರುತ್ತೆ' ಅಂತ ಹೇಳಿ ಹದಿನೈದು ದಿನ ತಗೊಂಡೆ."

"ಬಾಗಿಲಿಲ್ಲ ಅನ್ನೋದು ಗೊತ್ತಿತ್ತಲ್ಲ? ಏನಾದ್ರೂ ಆಗಿದ್ರೆ?"

"ಗೊತ್ತಿತ್ತು. ಅದಕ್ಕೇ ನಾಲ್ಕು ವರ್ಷದಿಂದ ನಾನು ಈ ಕುರ್ಚಿ ಬಿಟ್ಟು ಎದ್ದಿಲ್ಲ. ಮನೇಲಿ ಒಂದು ಬೆಂಕಿಕಡ್ಡಿ ಇಟ್ಟಿಲ್ಲ, ಅಡುಗೆಗೂ ಕರೆಂಟ್ ಒಲೆ. ಎರಡು ಗಂಟೆಗೊಮ್ಮೆ ಎಣಿಸ್ತೀನಿ, ಹದಿನಾಲ್ಕು ತಲೆ." ಕನ್ನಡಕ ಮತ್ತೆ ಹಾಕಿಕೊಂಡರು. "ಅದು ಸಾಲದು ಅಂತಾನೂ ಗೊತ್ತು."

"ಹಿಂದಿನ ಗೋಡೆ ಒಡೆದು ಬಾಗಿಲು ಇಡೋಕೆ ಟೈಲರನ್ನ ಕೇಳಬಹುದಿತ್ತಲ್ಲ."

"ಹೇಗೆ ಕೇಳಲಿ? ಅವನು ಬೋರ್ಡಿನ ಮೇಲೆ 'ಧರ್ಜಿ' ಅಂತ ಬರೆಸಿದ್ದ. ಅವನಿಲ್ಲದಾಗ ಏಣಿ ಹಾಕಿ ನಾನೇ ಬಣ್ಣದಲ್ಲಿ 'ದ' ಮಾಡಿದೆ. ಬೀದಿ ಜನರ ಮುಂದೆ ಬೈದ. ಹದಿನಾರು ವರ್ಷ ಆಯ್ತು."

ಒಳಬಾಗಿಲಲ್ಲಿ ನೆರಳು ಸರಿಯಿತು. ದೊಡ್ಡಮ್ಮ ಅಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಗಡಿಯಾರದಣ್ಣನಿಗೂ ಹೇಳಲಾಗಲಿಲ್ಲ. ಅಳುತ್ತಾರೆಂದು ಇನ್‌ಸ್ಪೆಕ್ಟರ್ ಎದ್ದು ನಿಂತರು. ಆದರೆ ದೊಡ್ಡಮ್ಮ ಸಿಟ್ಟಿನಿಂದ ಉರಿಯುತ್ತಿದ್ದರು. ಮಕ್ಕಳು ಮಲಗಿದ್ದರಿಂದ ಪಿಸುದನಿಯಲ್ಲೇ ಸಿಡಿದರು.

"ಬಾಗಿಲಂತೆ ಬಾಗಿಲು! ನನಗೆ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ನಾನೇನು ಗಾಜಿನ ಬಳೆಯಾ, ಒಡೆದುಹೋಗೋಕೆ? ಇಪ್ಪತ್ತಾರು ವರ್ಷ ಬೇರೆಯವರ ಮಕ್ಕಳ ಜ್ವರ, ವಾಂತಿ, ಹಟ ಎಲ್ಲ ನೋಡಿದೋಳಿಗೆ ಒಂದು ಕಾಗದ ನೋಡೋಕೆ ಆಗ್ತಿರಲಿಲ್ವಾ? ನನ್ನ ಮಕ್ಕಳನ್ನ ನಾಲ್ಕು ವರ್ಷ ಒಂದೇ ಬಾಗಿಲ ಮನೇಲಿ ಮಲಗಿಸಿದ್ರಲ್ರೀ, ನನಗೇ ಗೊತ್ತಿಲ್ಲದ ಹಾಗೆ!"

"ಅರ್ಜಿ ಹಾಕಿದಾಗ ಅಳತೆಗೆ ಬಂದವರು ಬಾಗಿಲಿನ ವಿಷಯ ನಿಮಗೆ ಹೇಳಲಿಲ್ವಾ ಅಮ್ಮ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಬರ್ಕೊಂಡು ಹೋದ್ರು. ಪುರಸ್ಕಾರ ಆಯ್ತು ಅಂದ ಮೇಲೆ ಇದ್ದದ್ದೇ ಸಾಕು ಅಂದ್ಕೊಂಡೆ."

ಅಷ್ಟು ಹೇಳಿ ದೊಡ್ಡಮ್ಮ ಚಪ್ಪಲಿ ಮೆಟ್ಟಿ ಹೊರಗೆ ಹೊರಟರು. ಗಡಿಯಾರದಣ್ಣ ಹಿಂದೆಯೇ ಓಡಿದರು. ಹಿಂದಿನ ಬೀದಿಯಲ್ಲಿ ಟೈಲರ್ ಹೊಲಿಗೆ ಯಂತ್ರದ ಮುಂದೆ ಕುಳಿತು ಕಾಲರ್ ತಿರುವುತ್ತಿದ್ದ.

"ತಮ್ಮಾ, ನಿನ್ನ ಅಂಗಳದೊಳಕ್ಕೆ ನನಗೊಂದು ಬಾಗಿಲು ಬೇಕು. ಹದಿನಾಲ್ಕು ಮಕ್ಕಳಿದ್ದಾರೆ. ಬೆಂಕಿ ಗಿಂಕಿ ಬಿದ್ರೆ ಆಚೆ ಬರೋಕೆ."

ಟೈಲರ್ ಯಂತ್ರ ನಿಲ್ಲಿಸಿದ. "ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅಕ್ಕಾ?"

"ಕೇಳಿದ್ರೆ ಕೊಡ್ತಿದ್ಯಾ?"

"ಮಕ್ಕಳಿಗೆ ಬಾಗಿಲು ಬೇಡ ಅನ್ನೋಕೆ ನಾನೇನು ರಾಕ್ಷಸನಾ? ನಾಳೆನೇ ಗೋಡೆ ಒಡೆಸಿ." ಆಮೇಲೆ ಮುಖ ಊದಿಸಿಕೊಂಡು, "ಬೋರ್ಡನ್ನ ಸರಿಯಾಗಿ ಹೊಸದಾಗಿ ಬರೆಸಿ ಹದಿನೈದು ವರ್ಷ ಆಯ್ತು. ಒಂದು ಸಲ ಈ ಬೀದಿಗೆ ಬಂದು ನೋಡಿದ್ರಾ ಅವರು? ಕೇಳಿ," ಎಂದ.

ಗಡಿಯಾರದಣ್ಣ ತಲೆಯೆತ್ತಿ ನೋಡಿದರು. ಬೋರ್ಡಿನ ಮೇಲೆ ದೊಡ್ಡ, ಹಳದಿ 'ದರ್ಜಿ'. ವೇಳೆಯನ್ನು ಬರೆದುಕೊಳ್ಳುವುದನ್ನೇ ಮರೆತರು.

ಬಂಧನ ತಪ್ಪುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಅಧಿಕಾರಿಗೆ ಫೋನು ಮಾಡಿದರು. ಅವರು ಬಂದು, ಆರು ಮಕ್ಕಳು ಇಲ್ಲೇ ಇರಬಹುದೆಂದೂ, ಉಳಿದ ಎಂಟು ಮಂದಿಗೆ ಶುಕ್ರವಾರದಿಂದ ಎರಡು ಬೀದಿಯಾಚೆಯ ಕೇಂದ್ರದಲ್ಲಿ ಜಾಗ ಹೇಳಿದ್ದೇನೆಂದೂ ತಿಳಿಸಿದರು. "ಬಾಗಿಲು ಇಟ್ಟ ದಿನ ಹೇಳಿ ಕಳಿಸಿ ದೊಡ್ಡಮ್ಮ. ಹೊಸ ಅರ್ಜಿ ನಾನೇ ತಂದ್ಕೊಡ್ತೀನಿ, ಟೇಪೂ ತರ್ತೀನಿ."

"ಕೈ ತೊಳೆದು ಬಾ ಮಗಾ," ಎಂದರು ದೊಡ್ಡಮ್ಮ.

ಯಜಮಾನರು ಕುರ್ಚಿಯಿಂದ ಎದ್ದಾಗ ಇನ್‌ಸ್ಪೆಕ್ಟರ್ ಕೇಳಿದರು: "ಮಕ್ಕಳು ಏಳೋದು ಎಷ್ಟು ಹೊತ್ತಿಗೆ?"

"ಎರಡೂವರೆಗೆ. ನಾನು ಕಾಣದಿದ್ರೆ ಸಣ್ಣವೆರಡು ಹುಡುಕ್ತವೆ."

"ಹಾಗಾದ್ರೆ ಎರಡೂವರೆಗೇ ಹೋಗೋಣ."

ಇಬ್ಬರೂ ಕಾದರು. ಎದ್ದ ಮಕ್ಕಳು ಸಾಲಾಗಿ ಬಂದು, ತಾತ ಜೀಪಿನಲ್ಲಿ ಹೋಗುವುದನ್ನು ಕಂಡು ಹೊಟ್ಟೆಕಿಚ್ಚುಪಟ್ಟವು. ಒಂದಂತೂ ತಾನೂ ಬರುತ್ತೇನೆಂದು ಗೇಟು ಹಿಡಿದು ಹಟ ಮಾಡಿತು. ಯಜಮಾನರು ಜೀಪಿನಿಂದ ಗುರ್ ಎಂದರು. ಮಕ್ಕಳು ನಕ್ಕವು. 3.05ಕ್ಕೆ ಠಾಣೆಯಲ್ಲಿ ಬಂಧನದ ಮೆಮೊಗೆ ರುಜು ಬಿತ್ತು. ಬೆಳಿಗ್ಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಜಾಮೀನಿಗೆ ನಿಲ್ಲುತ್ತೇನೆಂದು ಟೈಲರ್ ಹೇಳಿ ಕಳಿಸಿದ್ದ.

ಕೊನೆಯ ಮಗುವನ್ನು ಅದರ ತಾಯಿಯ ಕೈಗೆ ಒಪ್ಪಿಸಿ ದೊಡ್ಡಮ್ಮ 5.40ಕ್ಕೆ ಠಾಣೆಗೆ ಬಂದರು. ಗಂಡನಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ, ಅವರಿಗೆ ಬೆನ್ನು ಹಾಕಿ ಕುಳಿತರು. ಅರ್ಧ ಗಂಟೆ ಕಳೆಯಿತು. ಆಮೇಲೆ ದೊಡ್ಡಮ್ಮ ತಿರುಗದೆಯೇ ಚೀಲದೊಳಗೆ ಕೈಹಾಕಿ ಒಂದು ಪುಟ್ಟ ಡಬ್ಬಿಯನ್ನು ಹಿಂದಕ್ಕೆ ಚಾಚಿದರು.

"ಸಂಜೆ ಮಾತ್ರೆ."

"ಸಿಟ್ಟು ಹೋಯ್ತಾ?"

"ಹೋಗಿಲ್ಲ. ಮಾತ್ರೆ ತಗೊಳ್ಳಿ."

ಗಡಿಯಾರದಣ್ಣ ಒಂದು ಲೋಟ ನೀರು ತಂದು ಬೆಂಚಿನ ನಡುವೆ ಇಟ್ಟರು. ಇನ್‌ಸ್ಪೆಕ್ಟರ್ ತಮ್ಮ ಕೋಣೆಯಲ್ಲಿ ಕೇಸ್ ಡೈರಿ ಬರೆಯುತ್ತಿದ್ದರು. ಅಪರಾಧದ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಮೊದಲು 'ಪ್ರೀತಿ' ಎಂದು ಬರೆದರು. ಅದು ಪೂರ್ತಿ ನಿಜವಲ್ಲ ಅನ್ನಿಸಿ ಹೊಡೆದುಹಾಕಿದರು. ಕಿಟಕಿಯಿಂದ ಬೆಂಚು ಕಾಣುತ್ತಿತ್ತು. ಸ್ವಲ್ಪ ಹೊತ್ತು ನೋಡಿದ ಮೇಲೆ ಬರೆದರು:

'ಹೆಂಡತಿಗೆ ಕೆಟ್ಟ ಸುದ್ದಿ ಹೇಳಲು ಆರೋಪಿಗೆ ಧೈರ್ಯ ಸಾಲಲಿಲ್ಲ. ಬೇರೆ ಉದ್ದೇಶ ಕಂಡುಬಂದಿಲ್ಲ.'